ಪಟ್ಟಾ ಕೈಗೆ ಬಂತು, ಮನೆ ಎಲ್ಲಿ? ಬೆಳುಗುಪ್ಪದ ಪಾಠ ಕರಾವಳಿಗೂ ಇದೆ

ಆಂಧ್ರಪ್ರದೇಶದಲ್ಲಿ ಬಡವರ ಮನೆಯ ವಿಷಯ ಮತ್ತೆ ರಾಜಕೀಯದ ನಡುಮನೆಗೆ ಬಂದಿದೆ. 2025ರ ನವೆಂಬರ್‌ನಲ್ಲಿ ಮುಖ್ಯಮಂತ್ರಿ ಚಂದ್ರಬಾಬು ನಾಯ್ಡು ರಾಜ್ಯಾದ್ಯಂತ 3 ಲಕ್ಷ ಮನೆಗಳ ಸಾಮೂಹಿಕ ಗೃಹಪ್ರವೇಶ ನಡೆಸಿದರು. ಅದಕ್ಕೆ ಸುಮಾರು ಐದು ವರ್ಷ ಮೊದಲು, 2020ರ ಡಿಸೆಂಬರ್ 25ರಂದು, ಆಗಿನ ಮುಖ್ಯಮಂತ್ರಿ ವೈ.ಎಸ್. ಜಗನ್‌ಮೋಹನ್ ರೆಡ್ಡಿ 30 ಲಕ್ಷಕ್ಕೂ ಹೆಚ್ಚು ಬಡ ಕುಟುಂಬಗಳಿಗೆ ನಿವೇಶನ ಹಂಚುವ ಯೋಜನೆಗೆ ಚಾಲನೆ ಕೊಟ್ಟಿದ್ದರು. ಪಟ್ಟಾ ಮನೆಯ ಹೆಣ್ಣುಮಗಳ ಹೆಸರಿನಲ್ಲಿ, 17,000ಕ್ಕೂ ಹೆಚ್ಚು ಹೊಸ ಕಾಲನಿಗಳು, ಹಳ್ಳಿಯಲ್ಲಿ ಒಂದೂವರೆ ಸೆಂಟ್ಸ್, ಪಟ್ಟಣದಲ್ಲಿ ಒಂದು ಸೆಂಟ್. ದೇಶದಲ್ಲಿ ಇಷ್ಟು ದೊಡ್ಡ ಮಟ್ಟದಲ್ಲಿ ಒಮ್ಮೆಗೇ ನಿವೇಶನ ಹಂಚಿದ ಉದಾಹರಣೆಗಳು ಕಡಿಮೆ.

ಪಟ್ಟಾ ಹಿಡಿದು ಫೋಟೊಗೆ ನಿಂತ ದಿನಕ್ಕೂ ಆ ಜಾಗದಲ್ಲಿ ಒಲೆ ಹಚ್ಚಿದ ದಿನಕ್ಕೂ ನಡುವೆ ಎಷ್ಟು ವರ್ಷ ಬೇಕಾಯಿತು ಎಂಬುದೇ ಈಗಿನ ಪ್ರಶ್ನೆ. ಮನೆ ಎದ್ದ ಕುಟುಂಬಗಳಿವೆ. ತಳಪಾಯದ ಮಟ್ಟದಲ್ಲೇ ನಿಂತ ಗೋಡೆಗಳಿವೆ. ಕಲ್ಲು ನೆಟ್ಟ ಗಡಿಯ ಒಳಗೆ ಜಾಲಿ ಗಿಡ ಬೆಳೆದ ನಿವೇಶನಗಳೂ ಇವೆ. ಹೀಗೇಕಾಯಿತು ಎಂದು ತಿಳಿಯಬೇಕಾದರೆ ಅಮರಾವತಿಯ ಭಾಷಣಗಳನ್ನು ಬಿಟ್ಟು, ಕರ್ನಾಟಕದ ಗಡಿಗೆ ಹತ್ತಿರವಿರುವ ಬೆಳುಗುಪ್ಪದಂತಹ ಒಂದು ಒಣ ಮಂಡಲದ ಕಡೆಯಿಂದ ನೋಡಬೇಕು. ನಿವೇಶನಕ್ಕಾಗಿ ಪಂಚಾಯತ್ ಕಚೇರಿಗೆ ಅಲೆಯುವ ದಕ್ಷಿಣ ಕನ್ನಡ, ಉಡುಪಿ, ಕಾಸರಗೋಡಿನ ಕುಟುಂಬಗಳಿಗೂ ಅಲ್ಲಿ ಕಲಿಯುವುದಿದೆ.

ಮಳೆಯಿಲ್ಲದ ಊರು, ಮಣ್ಣಿನ ಮಾಡು

ಬೆಳುಗುಪ್ಪ ಅನಂತಪುರ ಜಿಲ್ಲೆಯಲ್ಲಿ ಕಲ್ಯಾಣದುರ್ಗ ಮತ್ತು ಉರವಕೊಂಡದ ನಡುವೆ ಇರುವ ಮಂಡಲ. ಕಂದಾಯ ಆಡಳಿತಕ್ಕೆ ಕಲ್ಯಾಣದುರ್ಗ, ವಿಧಾನಸಭೆಗೆ ಉರವಕೊಂಡ. ಉರವಕೊಂಡದ ಶಾಸಕ ಪಯ್ಯಾವುಲ ಕೇಶವ್ 2024ರಿಂದ ರಾಜ್ಯದ ಹಣಕಾಸು ಸಚಿವರು. ಪಕ್ಕದ ರಾಯದುರ್ಗ ತಾಲೂಕು 1953ರವರೆಗೆ ಬಳ್ಳಾರಿ ಜಿಲ್ಲೆಯಲ್ಲಿತ್ತು. ಆಂಧ್ರ ರಾಜ್ಯ ರಚನೆಯಾದಾಗ ಆ ಕಡೆ ಸೇರಿತು. ಈ ಗಡಿಭಾಗದ ಹಳ್ಳಿಗಳಲ್ಲಿ ತೆಲುಗಿನ ಜೊತೆ ಕನ್ನಡವೂ ಓಡಾಡುವುದು ಅದರಿಂದಲೇ.

ಇದು ಶೇಂಗಾ ಬೆಳೆಯುವ, ಆಕಾಶ ನೋಡುತ್ತಾ ಬದುಕುವ ನಾಡು. ಅನಂತಪುರ ಜಿಲ್ಲೆಯ ವಾರ್ಷಿಕ ಸರಾಸರಿ ಮಳೆ ಸುಮಾರು 550 ಮಿಲಿಮೀಟರ್. ಮಂಗಳೂರಿನವರು ಜುಲೈ ಒಂದೇ ತಿಂಗಳಲ್ಲಿ ಅದಕ್ಕಿಂತ ಹೆಚ್ಚು ಮಳೆ ನೋಡುತ್ತಾರೆ. ಶ್ರೀಶೈಲದಿಂದ ಕೃಷ್ಣಾ ನದಿಯ ನೀರನ್ನು ಮೇಲೆತ್ತಿ ತರುವ ಹಂದ್ರಿ–ನೀವಾ ಕಾಲುವೆ ಬೆಳುಗುಪ್ಪ ಮಂಡಲದ ಜೀಡಿಪಲ್ಲಿ ಜಲಾಶಯಕ್ಕೆ ಬಂದು ಸೇರುತ್ತದೆ. ಆದರೆ ಕಾಲುವೆ ಬಂದ ಮಾತ್ರಕ್ಕೆ ಕೂಲಿಯವನ ಬದುಕು ಬದಲಾಗುವುದಿಲ್ಲ, ನೀರು ಜಮೀನಿದ್ದವನಿಗೆ. ಬೆಳೆ ಕೈಕೊಟ್ಟ ವರ್ಷ ಭೂಮಿಯಿಲ್ಲದ ಕುಟುಂಬಗಳು ಗಂಟುಮೂಟೆ ಕಟ್ಟಿ ಬೆಂಗಳೂರಿಗೆ, ಕೇರಳಕ್ಕೆ ಹೋಗುವುದು ಈ ಜಿಲ್ಲೆಯ ಹಳೆಯ ಕತೆ.

ಮಳೆ ಕಡಿಮೆಯಾದ್ದರಿಂದ ಇಲ್ಲಿಯ ಹಳೆ ಮನೆಗಳು ಮಣ್ಣಿನವು. ಕಲ್ಲು–ಮಣ್ಣಿನ ಗೋಡೆ, ಮರದ ತೊಲೆ, ಅದರ ಮೇಲೆ ಮಣ್ಣು ಹಾಸಿದ ಚಪ್ಪಟೆ ಮಾಡು. ತೆಲುಗಿನಲ್ಲಿ ಇದಕ್ಕೆ ಮಟ್ಟಿ ಮಿದ್ದೆ ಎನ್ನುತ್ತಾರೆ. ಬಿಸಿಲಿಗೆ ತಂಪು, ಖರ್ಚು ಕಡಿಮೆ. ಆದರೆ ವರ್ಷವರ್ಷ ಮಣ್ಣು ಹಾಕಿ ರಿಪೇರಿ ಮಾಡದಿದ್ದರೆ, ಅಪರೂಪಕ್ಕೆ ನಾಲ್ಕು ದಿನ ಬಿಡದೆ ಮಳೆ ಸುರಿದಾಗ ಅದೇ ಮಾಡು ಮಲಗಿದವರ ಮೇಲೆ ಕುಸಿಯುತ್ತದೆ. ರಾಯಲಸೀಮೆಯಲ್ಲಿ ಇಂತಹ ಸಾವುಗಳು ಹೊಸತಲ್ಲ. ಅಲ್ಲಿ ವಸತಿ ಕೊರತೆ ಎಂದರೆ ಬಯಲಲ್ಲಿ ಮಲಗುವವರ ಲೆಕ್ಕ ಮಾತ್ರ ಅಲ್ಲ. ಬೀಳುವ ಮಾಡಿನ ಕೆಳಗೆ ಮಲಗುವವರು, ಒಂದೇ ಕೋಣೆಯಲ್ಲಿ ಮೂರು ಸಂಸಾರ ನಡೆಸುವವರು, ಇನ್ನೊಬ್ಬರ ಹಿತ್ತಿಲಲ್ಲಿ ಗುಡಿಸಲು ಹಾಕಿಕೊಂಡವರು, ಎಲ್ಲರೂ ಆ ಲೆಕ್ಕದಲ್ಲಿ ಬರಬೇಕು.

ಇವರಲ್ಲಿ ಮುಸ್ಲಿಮರೂ ಇದ್ದಾರೆ. ಉರ್ದು ಮನೆಮಾತಿನವರು ಒಂದು ಕಡೆ, ದೂದೇಕುಲ ಅಥವಾ ನೂರ್‌ಬಾಷಾ ಎಂದು ಕರೆಸಿಕೊಳ್ಳುವವರು ಇನ್ನೊಂದು ಕಡೆ. ಕರ್ನಾಟಕದಲ್ಲಿ ಇವರನ್ನು ಪಿಂಜಾರ, ನದಾಫ್ ಎನ್ನುತ್ತಾರೆ. ಹತ್ತಿ ಹಿಂಜಿ ಹಾಸಿಗೆ ಮಾಡುವುದು ಪೂರ್ವಿಕರ ಕಸುಬು. ಬ್ಯಾರಿಗಳಂತೆಯೇ ಉರ್ದು ಮನೆಮಾತಲ್ಲದ ಮುಸ್ಲಿಮರು ಇವರು; ಮನೆಯಲ್ಲಿ ತೆಲುಗು. ಯಂತ್ರ ಬಂದ ಮೇಲೆ ಕಸುಬು ಹೋಯಿತು. ಕಸುಬಿನವರಾದ್ದರಿಂದ ಹೊಲವೂ ಹೆಚ್ಚಿಲ್ಲ. ಹೊಲವಿಲ್ಲದವರಿಗೆ ಮನೆಯ ಜಾಗವೂ ಸ್ವಂತದ್ದಲ್ಲದಿದ್ದರೆ ಊರಿನಲ್ಲಿ ಕಾಲೂರಲು ಏನೂ ಉಳಿಯುವುದಿಲ್ಲ.

ಚದರಡಿಗೆ 529 ರೂಪಾಯಿ

ಮನೆ ಕಟ್ಟಿ ನೋಡು, ಮದುವೆ ಮಾಡಿ ನೋಡು ಎಂಬ ಗಾದೆಯ ಮೊದಲ ಅರ್ಧವನ್ನು ಆಂಧ್ರದ ಯೋಜನೆಗೆ ಹಿಡಿದು ನೋಡೋಣ. 2020ರ ಯೋಜನೆಯಲ್ಲಿ ಒಂದು ಮನೆಗೆ ನಿಗದಿಯಾದ ಮೊತ್ತ 1.80 ಲಕ್ಷ ರೂಪಾಯಿ. ಮನೆಯ ಅಳತೆ 340 ಚದರಡಿ. ಭಾಗಿಸಿದರೆ ಚದರಡಿಗೆ ಸುಮಾರು 529 ರೂಪಾಯಿ. ಇದರ ಮೇಲೆ 20 ಟನ್ ಉಚಿತ ಮರಳು, ಕಡಿಮೆ ದರದಲ್ಲಿ ಸಿಮೆಂಟ್ ಮತ್ತು ಕಬ್ಬಿಣ, ಸ್ವಸಹಾಯ ಸಂಘದ ಮಹಿಳೆಗೆ ಕಡಿಮೆ ಬಡ್ಡಿಯಲ್ಲಿ 35,000 ರೂಪಾಯಿ ಸಾಲ. ಸಾಲವನ್ನೂ ಕೂಡಿಸಿದರೆ 2.15 ಲಕ್ಷ. ಈ ದರಕ್ಕೆ ಮನೆ ಮುಗಿಸಿಕೊಡುತ್ತೇನೆ ಎನ್ನುವ ಮೇಸ್ತ್ರಿಯನ್ನು ಹುಡುಕುವುದು ಮಂಗಳೂರಿನಲ್ಲಷ್ಟೇ ಅಲ್ಲ, ಕಲ್ಯಾಣದುರ್ಗದಲ್ಲೂ ಕಷ್ಟ.

ಕೊರತೆಯ ಮೊತ್ತ ಎಲ್ಲಿಂದ ಬರಬೇಕು? ಸರಕಾರಿ ಕಡತದಲ್ಲಿ ಇದಕ್ಕೆ ಫಲಾನುಭವಿಯ ವಂತಿಗೆ ಎಂಬ ಹೆಸರಿದೆ. ಊರಲ್ಲಿ ಅದರ ಹೆಸರು ಸಾಲ. ಹಣ ಬಿಡುಗಡೆಯಾಗುವ ಕ್ರಮವೂ ಸಾಲದ ಕಡೆಗೇ ನೂಕುತ್ತದೆ. ತಳಪಾಯ ಮುಗಿಸಿ ಫೋಟೊ ಹಾಕಿದ ಮೇಲೆ ಮೊದಲ ಕಂತು, ಗೋಡೆ ಎದ್ದ ಮೇಲೆ ಇನ್ನೊಂದು, ಮಾಡು ಹಾಕಿದ ಮೇಲೆ ಮತ್ತೊಂದು. ಅಂದರೆ ಪ್ರತಿ ಹಂತದಲ್ಲೂ ಮೊದಲು ಕೈಯಿಂದ ಹಾಕಬೇಕು, ಆಮೇಲೆ ಸರಕಾರ ಕೊಡುತ್ತದೆ. ಕೈಯಲ್ಲಿ ಇದ್ದವನಿಗೆ ಇದು ಸರಿಯಾದ ಪದ್ಧತಿ. ಹಣ ದುರುಪಯೋಗ ಆಗುವುದಿಲ್ಲ. ದಿನಗೂಲಿಯವನಿಗೆ ಮಾತ್ರ ಮೊದಲ ಹೆಜ್ಜೆಯೇ ಬಡ್ಡಿಯದ್ದು. ಒಂದು ಕಂತು ಮೂರು ತಿಂಗಳು ತಡವಾದರೆ ಬಡ್ಡಿ ಓಡುತ್ತದೆ, ಗೋಡೆ ನಿಲ್ಲುತ್ತದೆ.

ಇನ್ನೊಂದು ತೊಡಕೂ ಇದೆ. ಮನೆ ಕಟ್ಟುವಾಗ ಮನೆಯವರು ಸ್ಥಳದಲ್ಲಿರಬೇಕು. ಸಿಮೆಂಟ್ ಇಳಿಸಿಕೊಳ್ಳಬೇಕು, ಗೋಡೆಗೆ ನೀರು ಹಾಕಬೇಕು, ಅಧಿಕಾರಿ ಫೋಟೊ ತೆಗೆಯಲು ಬಂದಾಗ ಎದುರು ನಿಲ್ಲಬೇಕು. ಬೆಂಗಳೂರಿನ ಕಟ್ಟಡದ ಕೆಲಸಕ್ಕೆ ಹೋದ ಕುಟುಂಬ ಇಲ್ಲಿ ಎರಡು ತಿಂಗಳು ಕೂತರೆ ಎರಡು ತಿಂಗಳ ಕೂಲಿ ಹೋಯಿತು. ಬೇರೆಯವರ ಅಪಾರ್ಟ್‌ಮೆಂಟಿಗೆ ಹತ್ತನೇ ಮಹಡಿಯ ಗೋಡೆ ಕಟ್ಟಿದವನ ಸ್ವಂತ ಮನೆ ಊರಲ್ಲಿ ಲಿಂಟಲ್ ಮಟ್ಟ ದಾಟದಿರುವುದಕ್ಕೆ ಸೋಮಾರಿತನ ಕಾರಣವಲ್ಲ.

ಇದು ಹೊಸ ಸರಕಾರಕ್ಕೂ ಗೊತ್ತಾದಂತಿದೆ. 2025ರ ಮಾರ್ಚ್‌ನಲ್ಲಿ ಅರ್ಧಕ್ಕೆ ನಿಂತ ಮನೆಗಳಿಗಾಗಿ ಹೆಚ್ಚುವರಿ ನೆರವು ಘೋಷಿಸಲಾಯಿತು. ಪರಿಶಿಷ್ಟ ಜಾತಿ ಮತ್ತು ಹಿಂದುಳಿದ ವರ್ಗದವರಿಗೆ 50,000, ಪರಿಶಿಷ್ಟ ಪಂಗಡದವರಿಗೆ 75,000 ರೂಪಾಯಿ. ಹೊಸ ಮನೆಗಳ ಸಂಖ್ಯೆ ಹೇಳುವುದರ ಬದಲು ನಿಂತ ಮನೆಗಳನ್ನು ಮುಗಿಸಲು ಹಣ ಕೊಟ್ಟದ್ದು ಸರಿಯಾದ ದಿಕ್ಕಿನ ಹೆಜ್ಜೆ.

ಒಂದೂವರೆ ಸೆಂಟಿನಲ್ಲಿ ಆಡು ಎಲ್ಲಿ ಕಟ್ಟುವುದು?

ಒಂದೂವರೆ ಸೆಂಟ್ಸ್ ಎಂದರೆ 653 ಚದರಡಿ. ಕರಾವಳಿಯಲ್ಲಿ ಐದು ಸೆಂಟ್ಸ್ ಕಾಲನಿಯನ್ನೇ ಇಕ್ಕಟ್ಟು ಎನ್ನುತ್ತೇವೆ. ಅದರ ಮೂರನೇ ಒಂದು ಭಾಗಕ್ಕಿಂತಲೂ ಕಡಿಮೆ. ಪಟ್ಟಣದ ನೌಕರನಿಗೆ ಮನೆ ಎಂದರೆ ಮಲಗುವ ಜಾಗ. ಹಳ್ಳಿಯ ಕೂಲಿಗೆ ಮನೆ ಎಂದರೆ ಆಡು ಕಟ್ಟುವ ಮೂಲೆ, ಕಟ್ಟಿಗೆ ಒಟ್ಟುವ ಜಾಗ, ಶೇಂಗಾ ಬಿಡಿಸುವ ಅಂಗಳ, ಮಗನ ಮದುವೆಯಾದರೆ ಇನ್ನೊಂದು ಕೋಣೆ ಎಳೆಯುವ ಗೋಡೆ. 340 ಚದರಡಿಯ ಮನೆ ಎದ್ದ ಮೇಲೆ ಇದಕ್ಕೆಲ್ಲ ಉಳಿಯುವುದು 313 ಚದರಡಿ.

ಈ ವಿಷಯ ಕೋರ್ಟಿಗೂ ಹೋಗಿತ್ತು. 2021ರ ಅಕ್ಟೋಬರ್‌ನಲ್ಲಿ ಆಂಧ್ರಪ್ರದೇಶ ಹೈಕೋರ್ಟಿನ ಏಕಸದಸ್ಯ ಪೀಠ ಇಷ್ಟು ಸಣ್ಣ ಜಾಗದಲ್ಲಿ ಮನೆ ಕಟ್ಟಿಸುವುದರ ಬಗ್ಗೆ ಗಂಭೀರ ಆಕ್ಷೇಪ ಎತ್ತಿ ಕಾಮಗಾರಿಗೆ ತಡೆ ಹಾಕಿತು. ಮುಂದೆ ವಿಭಾಗೀಯ ಪೀಠದಲ್ಲಿ ಆ ಆದೇಶ ನಿಲ್ಲಲಿಲ್ಲ. ಆದರೆ ಪ್ರಶ್ನೆ ಉಳಿಯಿತು. 2025ರ ಜನವರಿಯಲ್ಲಿ ಹೊಸ ಸರಕಾರ ಹಳ್ಳಿಯಲ್ಲಿ ಮೂರು, ಪಟ್ಟಣದಲ್ಲಿ ಎರಡು ಸೆಂಟ್ಸ್ ಕೊಡುವ ಆದೇಶ ಹೊರಡಿಸಿದ್ದು ಹಳೆಯ ಅಳತೆ ಸಾಲದು ಎಂದು ಒಪ್ಪಿಕೊಂಡಂತೆಯೇ.

ಆದರೆ ಇಲ್ಲೊಂದು ಲೆಕ್ಕವಿದೆ, ಭಾಷಣಗಳಲ್ಲಿ ಅದು ಬರುವುದಿಲ್ಲ. ಒಂದು ಎಕರೆಗೆ ನೂರು ಸೆಂಟ್ಸ್. ರಸ್ತೆ, ಚರಂಡಿಗೆ ಬಿಡುವುದನ್ನು ಬದಿಗಿಟ್ಟರೂ ಒಂದೂವರೆ ಸೆಂಟಿನಂತೆ 66 ನಿವೇಶನ, ಮೂರು ಸೆಂಟಿನಂತೆ 33. ಜಾಗ ದುಪ್ಪಟ್ಟಾದರೆ ಭೂಮಿಯೂ ದುಪ್ಪಟ್ಟು ಬೇಕು. ಊರಿನೊಳಗೆ ಅಷ್ಟು ಸರಕಾರಿ ಭೂಮಿ ಇರುವುದಿಲ್ಲ. ಕೊಂಡುಕೊಳ್ಳುವುದಾದರೆ ಅಗ್ಗದ ಭೂಮಿ ಬೇಕು, ಅಗ್ಗದ ಭೂಮಿ ಊರಾಚೆ ಗುಡ್ಡದ ಬದಿಗೋ ತಗ್ಗಿಗೋ ಇರುತ್ತದೆ. ಅಲ್ಲಿಗೆ ಮೊದಲು ರಸ್ತೆ ಬೇಕು, ಕರೆಂಟ್ ಬೇಕು, ಎಲ್ಲಕ್ಕಿಂತ ಮೊದಲು ನೀರು ಬೇಕು. ಅನಂತಪುರದಂತಹ ಜಿಲ್ಲೆಯಲ್ಲಿ ನೀರಿಲ್ಲದ ಕಾಲನಿ ಎಂದರೆ ಕಾಂಕ್ರೀಟಿಗೆ ಹಾಕುವ ನೀರನ್ನೂ ಟ್ಯಾಂಕರಿನಲ್ಲಿ ತರಿಸಬೇಕು. ಆ ಖರ್ಚು 1.80 ಲಕ್ಷದಲ್ಲಿ ಸೇರಿಲ್ಲ.

ಹೀಗಾಗಿ ಮನೆ ಮುಗಿದರೂ ಕೆಲವರು ಹಳೇ ಊರಿನ ಗುಡಿಸಲಲ್ಲೇ ಉಳಿಯುತ್ತಾರೆ. ಅಂಗಡಿ, ಶಾಲೆ, ಕೂಲಿಗೆ ಕರೆಯುವ ಮೇಸ್ತ್ರಿ, ಕಷ್ಟಕ್ಕೆ ಕೈಗಡ ಕೊಡುವ ನೆರೆಯವರು ಎಲ್ಲರೂ ಅಲ್ಲಿದ್ದಾರೆ. ಸರಕಾರದ ಪುಸ್ತಕದಲ್ಲಿ ಆ ಮನೆ ಪೂರ್ಣಗೊಂಡ ಮನೆ. ಅದರ ಬಾಗಿಲಿಗೆ ಮಾತ್ರ ಬೀಗ.

ಹಳ್ಳಿಯ ಮನೆ ನಗರದ ಲೆಕ್ಕದಲ್ಲಿ

ಆಂಧ್ರದ ಯೋಜನೆಯ ಹಿಂದೆ ಇನ್ನೊಂದು ಸ್ವಾರಸ್ಯವಿದೆ. ಪ್ರಧಾನಮಂತ್ರಿ ಆವಾಸ್ ಯೋಜನೆಯ ಗ್ರಾಮೀಣ ವಿಭಾಗದಲ್ಲಿ ಬಯಲು ಪ್ರದೇಶದ ಒಂದು ಮನೆಗೆ 1.20 ಲಕ್ಷ ರೂಪಾಯಿ. ಅದರಲ್ಲಿ ಕೇಂದ್ರದ ಪಾಲು ಶೇ. 60, ಅಂದರೆ 72,000. ನಗರ ವಿಭಾಗದಲ್ಲಾದರೆ ಕೇಂದ್ರವೇ 1.50 ಲಕ್ಷ ಕೊಡುತ್ತದೆ. ಆಂಧ್ರ ಸರಕಾರ ಅನಂತಪುರಂ–ಹಿಂದೂಪುರ ನಗರಾಭಿವೃದ್ಧಿ ಪ್ರಾಧಿಕಾರದಂತಹ ಪ್ರಾಧಿಕಾರಗಳ ವ್ಯಾಪ್ತಿಗೆ ಹಳ್ಳಿಗಳನ್ನು ಸೇರಿಸಿ ಅಲ್ಲಿಯ ಮನೆಗಳನ್ನು ನಗರ ವಿಭಾಗದಲ್ಲಿ ತೋರಿಸಿತು. 1.80 ಲಕ್ಷದಲ್ಲಿ 1.50 ಲಕ್ಷ ಕೇಂದ್ರದ್ದು, ರಾಜ್ಯ ಸೇರಿಸಿದ್ದು 30,000. ನಗರ ಯೋಜನೆಯಲ್ಲಿ ಅತಿ ಹೆಚ್ಚು ಮನೆ ಮಂಜೂರಾದ ರಾಜ್ಯ ಆಂಧ್ರವಾಗಿದ್ದು ಹೀಗೆ.

ಇದನ್ನು ಜಾಣತನ ಎಂದು ಹೊಗಳಬಹುದು, ಜನರಿಗೆ ಹೆಚ್ಚು ಹಣ ಸಿಕ್ಕಿತು. ಆದರೆ ಮೂಲ ತಪ್ಪು ದಿಲ್ಲಿಯಲ್ಲಿದೆ. ಗ್ರಾಮೀಣ ಮನೆಗೆ 1.20 ಲಕ್ಷ ಎಂದು ನಿಗದಿಯಾದದ್ದು 2016ರಲ್ಲಿ. 2024ರ ಆಗಸ್ಟ್‌ನಲ್ಲಿ ಇನ್ನೂ 2 ಕೋಟಿ ಗ್ರಾಮೀಣ ಮನೆಗಳಿಗೆ ಕೇಂದ್ರ ಸಂಪುಟ ಒಪ್ಪಿಗೆ ಕೊಟ್ಟಾಗಲೂ ಮೊತ್ತ ಅದೇ. ಎಂಟು ವರ್ಷದಲ್ಲಿ ಸಿಮೆಂಟ್, ಕಬ್ಬಿಣ, ಕೂಲಿ ಎಲ್ಲವೂ ಏರಿದವು. ಯೋಜನೆ ಹೇಳುವ ಕನಿಷ್ಠ ಅಳತೆ 25 ಚದರ ಮೀಟರ್, ಅಂದರೆ ಸುಮಾರು 269 ಚದರಡಿ. ಚದರಡಿಗೆ 446 ರೂಪಾಯಿ ಬೀಳುತ್ತದೆ. ಶೌಚಾಲಯದ 12,000 ಮತ್ತು ಉದ್ಯೋಗ ಖಾತರಿಯ ಸುಮಾರು 90 ದಿನದ ಕೂಲಿ ಸೇರಿಸಿದರೂ ಬಡವನ ಮೇಲಿನ ಹೊರೆ ಇಳಿಯುವುದಿಲ್ಲ.

ಮೂರು ರಾಜ್ಯ, ಮೂರು ದಾರಿ

ಕನ್ನಡಿಗರು ಬದುಕುವ ಮೂರು ರಾಜ್ಯಗಳು ಈ ಸಮಸ್ಯೆಗೆ ಮೂರು ತುದಿಯಿಂದ ಕೈ ಹಾಕಿವೆ. ಆಂಧ್ರ ಮೊದಲು ನಿವೇಶನ ಕೊಟ್ಟಿತು, ಹಣ ಕಡಿಮೆ ಕೊಟ್ಟಿತು. ಕೇರಳ ಹಣ ಹೆಚ್ಚು ಕೊಟ್ಟಿತು. 2016–17ರಲ್ಲಿ ಆರಂಭವಾದ ಅಲ್ಲಿನ ಲೈಫ್ ಮಿಷನ್‌ನಲ್ಲಿ ಒಂದು ಮನೆಗೆ 4 ಲಕ್ಷ ರೂಪಾಯಿ. ಕಾಸರಗೋಡಿನ ಮಂಜೇಶ್ವರದಲ್ಲಿ ಮನೆ ಕಟ್ಟುವ ಬಡವನಿಗೆ ಸಿಗುವ ಹಣ ಗಡಿಯಾಚೆ ತಲಪಾಡಿಯ ಬಡವನಿಗೆ ಸಿಗುವುದಕ್ಕಿಂತ ಎಷ್ಟೋ ಪಾಲು ಹೆಚ್ಚು. ಕೇರಳಕ್ಕೆ ಕೊರತೆ ಇರುವುದು ಭೂಮಿಯದ್ದು. ಅದಕ್ಕಾಗಿ 2021ರ ಕೊನೆಗೆ, ಹೆಚ್ಚುವರಿ ಭೂಮಿ ಇದ್ದವರು ಮನೆಯಿಲ್ಲದವರಿಗೆ ಜಾಗ ದಾನ ಮಾಡಿ ಎಂಬ ‘ಮನಸ್ಸೋಡಿತ್ತಿರಿ ಮಣ್ಣ್’ ಅಭಿಯಾನವನ್ನೇ ಸರಕಾರ ಶುರುಮಾಡಿತು.

ಕರ್ನಾಟಕದ ದಾರಿ ಬೇರೆ. ಜನ ಈಗಾಗಲೇ ಕಟ್ಟಿಕೊಂಡು ಕುಳಿತ ಜಾಗವನ್ನೇ ಅವರಿಗೆ ಸಕ್ರಮ ಮಾಡಿಕೊಡುವುದು. ಭೂ ಕಂದಾಯ ಕಾಯ್ದೆಯ 94ಸಿ ಹಳ್ಳಿಗೆ, 94ಸಿಸಿ ಪಟ್ಟಣಕ್ಕೆ. ತಾಂಡಾ, ಹಟ್ಟಿಯಂತಹ ದಾಖಲೆಯಿಲ್ಲದ ಜನವಸತಿಗಳನ್ನು ಕಂದಾಯ ಗ್ರಾಮ ಮಾಡಿ ಹಕ್ಕುಪತ್ರ ಕೊಡುವ ಕೆಲಸವೂ ನಡೆಯಿತು. 2025ರ ಮೇ 20ರಂದು ಹೊಸಪೇಟೆಯಲ್ಲಿ ಒಂದೇ ಸಮಾವೇಶದಲ್ಲಿ ಒಂದು ಲಕ್ಷಕ್ಕೂ ಹೆಚ್ಚು ಹಕ್ಕುಪತ್ರ ಹಂಚಲಾಯಿತು. ಇದರ ಲಾಭ ದೊಡ್ಡದು: ಕುಟುಂಬ ಊರು ಬಿಟ್ಟು ಹೋಗಬೇಕಾಗಿಲ್ಲ. ಮಸೀದಿ, ಮದ್ರಸ, ಶಾಲೆ, ಕೂಲಿ ಎಲ್ಲವೂ ಇದ್ದಲ್ಲೇ. ಆದರೆ ಅರಣ್ಯ, ರಸ್ತೆ ಬದಿ, ಸಾರ್ವಜನಿಕ ಉದ್ದೇಶಕ್ಕೆ ಕಾದಿರಿಸಿದ ಜಾಗದಲ್ಲಿ ಕುಳಿತವರಿಗೆ ಈ ಬಾಗಿಲು ತೆರೆಯುವುದಿಲ್ಲ. ಕರಾವಳಿಯಲ್ಲಿ ಪರಿಭಾವಿತ ಅರಣ್ಯ, ಕುಮ್ಕಿ ಎಂಬ ಎರಡು ಶಬ್ದಗಳಲ್ಲೇ ಎಷ್ಟೋ ಅರ್ಜಿಗಳು ಬಿದ್ದುಹೋಗುತ್ತವೆ. ಇನ್ನೊಬ್ಬರ ಹಿತ್ತಿಲಲ್ಲಿ ಇರುವವರಿಗೂ, ಬಾಡಿಗೆಗೆ ಇರುವವರಿಗೂ ಸಕ್ರಮ ಮಾಡಲು ಏನೂ ಇಲ್ಲ.

ಮೂರನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವಿಷಯ ಸ್ಪಷ್ಟ. ಮನೆ ಎಂದರೆ ಜಾಗ, ಹಣ, ನೀರು–ರಸ್ತೆ–ಕೆಲಸ ಮೂರೂ ಸೇರಿದ್ದು. ಒಂದನ್ನು ಕೊಟ್ಟು ಇನ್ನೆರಡನ್ನು ಬಡವನ ಹೆಗಲಿಗೆ ಹಾಕಿದರೆ ಪಟ್ಟಾ ಕಪಾಟಿನಲ್ಲಿ ಉಳಿಯುತ್ತದೆ. ಯಾವ ಸರಕಾರವೇ ಆಗಲಿ, ಎಷ್ಟು ಮಂಜೂರು ಮಾಡಿದ್ದೀರಿ ಎಂದು ಕೇಳುವ ಬದಲು ಎಷ್ಟು ಮನೆಗಳಲ್ಲಿ ಜನ ಮಲಗುತ್ತಿದ್ದಾರೆ ಎಂದು ಕೇಳಬೇಕು.

ಶೇ. 15ರ ಗಲಾಟೆಯ ಆಚೆ

ಇಲ್ಲಿ ಸಮುದಾಯ ಗಮನಿಸಬೇಕಾದ ಒಂದು ವಿಷಯವಿದೆ. 2025ರ ಜೂನ್‌ನಲ್ಲಿ ಕರ್ನಾಟಕ ಸಂಪುಟ ವಸತಿ ಯೋಜನೆಗಳಲ್ಲಿ ಅಲ್ಪಸಂಖ್ಯಾತರ ಪಾಲನ್ನು ಶೇ. 10ರಿಂದ 15ಕ್ಕೆ ಏರಿಸಲು ತೀರ್ಮಾನಿಸಿತು. ಓಲೈಕೆ ಎಂದು ಪ್ರತಿಪಕ್ಷ ಗದ್ದಲ ಎಬ್ಬಿಸಿತು. ಇದು ಮುಸ್ಲಿಮರಿಗೆ ಮಾತ್ರವಲ್ಲ, ಕ್ರೈಸ್ತ, ಜೈನ ಮೊದಲಾದ ಎಲ್ಲ ಅಲ್ಪಸಂಖ್ಯಾತರಿಗೆ ಎಂದು ಸರಕಾರ ಉತ್ತರಿಸಿತು. ಶೇ. 15 ಎಂಬುದು ಹೊಸ ಕಲ್ಪನೆಯೂ ಅಲ್ಲ. 2006ರ ಪ್ರಧಾನಿಯವರ 15 ಅಂಶಗಳ ಕಾರ್ಯಕ್ರಮದಲ್ಲಿ ಆಗಿನ ಇಂದಿರಾ ಆವಾಸ್ ಯೋಜನೆಗೂ ಇದೇ ಪ್ರಮಾಣ ಹೇಳಲಾಗಿತ್ತು, ಇಂದಿನ ಕೇಂದ್ರ ಗ್ರಾಮೀಣ ವಸತಿ ಯೋಜನೆಯಲ್ಲೂ ರಾಷ್ಟ್ರಮಟ್ಟದಲ್ಲಿ ಸಾಧ್ಯವಾದಷ್ಟು ಇದೇ ಪ್ರಮಾಣ ಎಂದಿದೆ.

ಟಿವಿಯಲ್ಲಿ ಬಂದ ಚರ್ಚೆ ಅಷ್ಟಕ್ಕೇ ನಿಂತಿತು. ಅಲ್ಲಿ ಯಾರೂ ಕೇಳದ ಪ್ರಶ್ನೆ ಒಂದಿದೆ. ಬಸವ ವಸತಿಯಂತಹ ಯೋಜನೆಯಲ್ಲಿ ಮನೆ ಸಿಗಬೇಕಾದರೆ ಅರ್ಜಿದಾರರಿಗೆ ನಿವೇಶನ ಇರಬೇಕು. ನಿವೇಶನವೇ ಇಲ್ಲದ ಕುಟುಂಬಕ್ಕೆ ಶೇ. 10 ಆದರೂ ಒಂದೇ, 15 ಆದರೂ ಒಂದೇ. ಅರ್ಹರು ಸಿಗದ ಪಂಚಾಯತಿನಲ್ಲಿ ಮೀಸಲಿಟ್ಟ ಗುರಿ ಕಾಗದದಲ್ಲೇ ಉಳಿಯುತ್ತದೆ. ಆದ್ದರಿಂದ ಪ್ರಮಾಣ ಹೆಚ್ಚಿದ್ದಕ್ಕೆ ಖುಷಿಪಡುವುದರ ಜೊತೆಗೆ, ತಮ್ಮ ಊರಿನಲ್ಲಿ ನಿವೇಶನರಹಿತರ ಪಟ್ಟಿಯಲ್ಲಿ ಯಾರ ಹೆಸರಿದೆ, ಯಾರದ್ದಿಲ್ಲ ಎಂದು ಗ್ರಾಮಸಭೆಯಲ್ಲಿ ಕುಳಿತು ನೋಡುವವರು ಬೇಕು. ಗ್ರಾಮಸಭೆಗೆ ನಮ್ಮ ಯುವಕರ ಹಾಜರಾತಿ ಎಷ್ಟಿದೆ ಎಂಬುದನ್ನು ಆಯಾ ಊರಿನವರೇ ನೋಡಿಕೊಳ್ಳಲಿ.

ಕೀ ಹಸ್ತಾಂತರಕ್ಕಿಂತ ಮುಂಚಿನ ಕೆಲಸ

ಸರಕಾರ ಬಿಟ್ಟ ಜಾಗವನ್ನು ಸಂಘ–ಸಂಸ್ಥೆಗಳು ತುಂಬಿದ ಉದಾಹರಣೆ ಅನಂತಪುರದಲ್ಲೇ ಇದೆ. ಸ್ಪೇನಿನಿಂದ ಬಂದ ವಿನ್ಸೆಂಟ್ ಫೆರರ್ 1969ರಲ್ಲಿ ಅಲ್ಲಿ ಶುರುಮಾಡಿದ ರೂರಲ್ ಡೆವಲಪ್‌ಮೆಂಟ್ ಟ್ರಸ್ಟ್ ಬಡವರಿಗೆ ಸಾವಿರಾರು ಮನೆ ಕಟ್ಟಿಕೊಟ್ಟಿದೆ. ಮನೆಯನ್ನು ಹೆಣ್ಣುಮಕ್ಕಳ ಹೆಸರಿಗೆ ಮಾಡಿಕೊಡುವ ಪದ್ಧತಿ ಅಲ್ಲಿ ಸರಕಾರಕ್ಕಿಂತ ಮೊದಲೇ ಇತ್ತು. ಆದರೆ ಅದರ ವಿದೇಶಿ ದೇಣಿಗೆಯ ಪರವಾನಿಗೆ ನವೀಕರಣಕ್ಕೆ 2025ರಲ್ಲಿ ತಡೆ ಬಿದ್ದಾಗ ಜಿಲ್ಲೆಯ ಜನ ಬೀದಿಗಿಳಿಯಬೇಕಾಯಿತು. ದಾನದ ಮೇಲೆ ನಿಂತ ವ್ಯವಸ್ಥೆ ಎಷ್ಟು ದೊಡ್ಡದಾದರೂ ಒಂದು ಆದೇಶಕ್ಕೆ ಅಲುಗಾಡುತ್ತದೆ.

ಕರಾವಳಿಗೆ ಹತ್ತಿರದ ಉದಾಹರಣೆ ಬದಿಯಡ್ಕದ ಕಿಳಿಂಗಾರಿನ ಸಾಯಿರಾಂ ಗೋಪಾಲಕೃಷ್ಣ ಭಟ್ಟರದ್ದು. ಕಾಶಿಯಾತ್ರೆಗೆಂದು ಕೂಡಿಟ್ಟ ಹಣವನ್ನು, ಮಳೆಗೆ ಗುಡಿಸಲು ಕಳಕೊಂಡ ಒಬ್ಬ ಮುಸ್ಲಿಮ್ ಬಡವರ ಮನೆಗೆ ಹಾಕಿದವರು ಅವರು. 2022ರ ಜನವರಿಯಲ್ಲಿ ತೀರಿಕೊಳ್ಳುವವರೆಗೆ ಜಾತಿ–ಧರ್ಮ ನೋಡದೆ 250ಕ್ಕೂ ಹೆಚ್ಚು ಮನೆ ಕಟ್ಟಿಸಿಕೊಟ್ಟರು. ಒಬ್ಬ ಕೃಷಿಕನ ಕೈಯಲ್ಲಿ ಇಷ್ಟು ಸಾಧ್ಯವಾಯಿತು ಎಂಬುದು ಗಲ್ಫ್ ಹಣ ಓಡಾಡುವ ಸಮುದಾಯಕ್ಕೆ ನೆನಪಿರಬೇಕಾದ ಮಾತು.

ನಮ್ಮ ಜಮಾಅತ್‌ಗಳು, ಊರ ಸಂಘಗಳು, ಅನಿವಾಸಿ ಸಂಘಟನೆಗಳು ಮನೆ ಕಟ್ಟಿಸಿಕೊಡುವ ಕೆಲಸವನ್ನು ವರ್ಷಗಳಿಂದ ಮಾಡುತ್ತಾ ಬಂದಿವೆ. ಆದರೆ ರೂಢಿ ಹೆಚ್ಚಾಗಿ ಒಂದೇ ಬಗೆಯದು: ಒಂದು ಕುಟುಂಬವನ್ನು ಆರಿಸಿ, ತಳದಿಂದ ಮಾಡಿನವರೆಗೆ ಪೂರ್ತಿ ಕಟ್ಟಿ, ಬ್ಯಾನರ್ ಕಟ್ಟಿ ಕೀ ಕೊಡುವುದು. ಅದೇ ಹಣದಲ್ಲಿ ಮಾಡು ಹಾಕಲಾಗದೆ ನಿಂತ ನಾಲ್ಕೈದು ಮನೆಗಳು ಮುಗಿಯಬಹುದಿತ್ತು. ಸರಕಾರದ 1.20 ಲಕ್ಷ ಬರುವವರೆಗೆ ಬಡ್ಡಿಯಿಲ್ಲದ ಕೈಗಡ ಕೊಟ್ಟರೆ ಅದು ಕಂತು ಬಂದಾಗ ಹಿಂದಿರುಗುತ್ತದೆ, ಮುಂದಿನ ಮನೆಗೆ ಹೋಗುತ್ತದೆ. ಝಕಾತ್ ಪಡೆಯಲು ಅರ್ಹರಾದವರಿಗೆ ಕೊನೆಯ ಐವತ್ತು ಸಾವಿರಕ್ಕೆ ಅದೇ ಹಣ ಸಾಕಾಗಬಹುದು; ಅದನ್ನು ಊರಿನ ಉಸ್ತಾದರ ಬಳಿ ಕೇಳಿ ತೀರ್ಮಾನಿಸಬಹುದು.

ಹಣಕ್ಕಿಂತ ಮೊದಲಿನ ಕೆಲಸ ಕಾಗದದ್ದು. 94ಸಿ ಅರ್ಜಿ ಯಾವ ಹಂತದಲ್ಲಿ ನಿಂತಿದೆ, ಪಡಿತರ ಚೀಟಿಯಲ್ಲಿ ಹೆಸರು ಬೇರೆ, ಆಧಾರ್‌ನಲ್ಲಿ ಬೇರೆ ಇದ್ದರೆ ಏನು ಮಾಡಬೇಕು, ಗಂಡ ತೀರಿಕೊಂಡ ಮೇಲೆ ಜಾಗ ಯಾರ ಹೆಸರಿನಲ್ಲಿದೆ, ಅರಣ್ಯ ಎಂದು ತಿರಸ್ಕರಿಸಿದ ಜಾಗಕ್ಕೆ ಮೇಲ್ಮನವಿ ಇದೆಯೇ ಎಂಬುದನ್ನೆಲ್ಲ ಒಬ್ಬ ವಿಧವೆ ಒಂಟಿಯಾಗಿ ತಾಲೂಕು ಕಚೇರಿಯಲ್ಲಿ ಕೇಳಿ ತಿಳಿಯುವುದು ಕಷ್ಟ. ಓದಿದ ಇಬ್ಬರು ಹುಡುಗರು, ಒಬ್ಬಳು ಹುಡುಗಿ ವಾರಕ್ಕೊಂದು ದಿನ ಮದ್ರಸದ ಕೋಣೆಯಲ್ಲಿ ಲ್ಯಾಪ್‌ಟಾಪ್ ಹಿಡಿದು ಕೂತರೆ ಒಂದು ಊರಿನ ಕಡತಗಳು ಒಂದು ವರ್ಷದಲ್ಲಿ ಚಲಿಸುತ್ತವೆ. ಇದಕ್ಕೆ ಲಕ್ಷ ಬೇಡ.

ಮೂರನೆಯದು ಜಾಗ. ತಲೆಮಾರಿನಿಂದ ಬಂದ ತೋಟದ ಬದಿಯಲ್ಲಿ ಉಪಯೋಗಕ್ಕೆ ಬಾರದ ಹತ್ತು–ಇಪ್ಪತ್ತು ಸೆಂಟ್ಸ್ ಇರುವ ಕುಟುಂಬಗಳು ಕರಾವಳಿಯಲ್ಲಿ ಕಡಿಮೆಯಿಲ್ಲ. ಕೇರಳದ ಅಭಿಯಾನದ ಹಾಗೆ ಅದನ್ನು ನೇರ ಮನೆಯಿಲ್ಲದವರ ಹೆಸರಿಗೆ ನೋಂದಣಿ ಮಾಡಿಕೊಟ್ಟರೆ ಮನೆಯ ಹಣ ಸರಕಾರದ ಯೋಜನೆಯಿಂದ ಬರುವ ದಾರಿ ತೆರೆಯುತ್ತದೆ. ಬರೀ ಬಾಯಿಮಾತಿನಲ್ಲಿ ಇರಿ ಎಂದು ಕೂರಿಸಿದರೆ ಮುಂದಿನ ತಲೆಮಾರಿನಲ್ಲಿ ಜಗಳ ಹುಟ್ಟುತ್ತದೆ. ಮನೆಯ ಹೆಣ್ಣುಮಗಳ ಹೆಸರಿಗೆ ನೋಂದಾಯಿಸಿದರೆ ಇನ್ನೂ ಭದ್ರ. ಆಂಧ್ರದ ಯೋಜನೆಯಲ್ಲಿ ಪಕ್ಷಭೇದ ಮರೆತು ಒಪ್ಪಬಹುದಾದ ಅಂಶ ಇದೇ.

ಮರ್ಯಾದೆಯ ಮಾತೊಂದು ಉಳಿದಿದೆ. ಕೇಂದ್ರದ ನೆರವಿನ ಮನೆಗಳ ಮೇಲೆ ಯೋಜನೆಯ ಲೋಗೊ ಹಾಕಬೇಕು ಎಂಬ ಷರತ್ತಿಗೆ ಕೇರಳ ಸರಕಾರ ಒಪ್ಪಲಿಲ್ಲ. ಮನೆಯೊಳಗೆ ಬದುಕುವವರನ್ನು ದಾನ ಪಡೆದವರೆಂದು ಊರಿಗೆಲ್ಲ ತೋರಿಸಿದಂತಾಗುತ್ತದೆ ಎಂಬುದು ಅದರ ವಾದವಾಗಿತ್ತು. ಈ ಮಾತು ಸರಕಾರಕ್ಕೆ ಎಷ್ಟು ಅನ್ವಯಿಸುತ್ತದೋ ಕೀ ಹಸ್ತಾಂತರದ ಫೋಟೊವನ್ನು ವಾಟ್ಸ್ಆ್ಯಪ್ ಗುಂಪುಗಳಿಗೆಲ್ಲ ಹಾಕುವ ನಮ್ಮ ಸಂಘಟನೆಗಳಿಗೂ ಅಷ್ಟೇ ಅನ್ವಯಿಸುತ್ತದೆ. ಆ ಮನೆಯ ಮಗಳು ನಾಳೆ ಅದೇ ಊರಿನ ಶಾಲೆಗೆ ಹೋಗಬೇಕು.

ಬೆಳುಗುಪ್ಪದ ಒಣ ನೆಲಕ್ಕೂ ಉಳ್ಳಾಲ, ಬೆಳ್ತಂಗಡಿ, ಮಂಜೇಶ್ವರದ ಹಸಿರು ನೆಲಕ್ಕೂ ಹೋಲಿಕೆ ಕಡಿಮೆ. ಆದರೆ ತಳಪಾಯದಲ್ಲಿ ನಿಂತ ಗೋಡೆ ಎರಡೂ ಕಡೆ ಒಂದೇ ಥರ ಕಾಣುತ್ತದೆ. ಮುಂದಿನ ಬಾರಿ ನಿಮ್ಮ ಪಂಚಾಯತಿನಲ್ಲಿ ಎಷ್ಟು ಮನೆ ಮಂಜೂರಾಯಿತು ಎಂದು ಸದಸ್ಯರು ಹೇಳುವಾಗ, ಕಳೆದ ವರ್ಷದವುಗಳಲ್ಲಿ ಎಷ್ಟಕ್ಕೆ ಮಾಡು ಬಿತ್ತು, ಎಷ್ಟರಲ್ಲಿ ಜನ ವಾಸ ಇದ್ದಾರೆ ಎಂದು ಎದ್ದು ನಿಂತು ಕೇಳಿ. ಉತ್ತರ ಸಿಗದ ಮನೆಗಳ ಪಟ್ಟಿಯನ್ನು ಬರೆದುಕೊಂಡು ಬನ್ನಿ. ಸಮುದಾಯದ ಕೆಲಸ ಆ ಪಟ್ಟಿಯಿಂದ ಶುರುವಾಗಲಿ.